ಮಂಡಿಗಿಂತ ಒಂದು ಗೇಣು ಕೆಳಗೆ

ಜಾಡಮ್ಮನಿಗೆ ತಂಗಿಯ ಮೇಲೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇನಿದೆ? ಸಮ್ಮೇಳನದ ಮೊದಲನೆಯ ದಿನ ಬೆಳಿಗ್ಗೆ ಹತ್ತಿಕೊಂಡದ್ದು ಮೂರನೆಯ ದಿನ ಮಧ್ಯಾಹ್ನವಾದರೂ ಆರಿರಲಿಲ್ಲ. ಕಣ್ಣು ಮುಚ್ಚಿದರೆ ತಂಗಿಯ ಕುತ್ತಿಗೆಯ ಕೆಂಪು ಪಟ್ಟಿಯೇ ಕಾಣುತ್ತಿತ್ತು.

ಕಾಡುಪ್ರಾಣಿಗಳ ಬಗ್ಗೆ ಬರೆಯುವವರು, ಫೋಟೋ ತೆಗೆಯುವವರು, ಸಿನಿಮಾ ಮಾಡುವವರು, ರೇಡಿಯೋದಲ್ಲಿ ಮಾತಾಡುವವರು ವರ್ಷಕ್ಕೊಮ್ಮೆ ಸೇರುವ ಸಭೆ ಅದು. ನಾನೂರು ಜನ. ನೆಲಕ್ಕೆ ದಪ್ಪ ಜಮಖಾನ. ಕಿಟಕಿಗಳೇ ಇಲ್ಲದ ದೊಡ್ಡ ಸಭಾಂಗಣ, ಚಳಿ ಹುಟ್ಟಿಸುವಷ್ಟು ತಂಪು. ಎಲ್ಲರ ಕುತ್ತಿಗೆಗೂ ಪಟ್ಟಿ. ಭಾಷಣ ಮಾಡುವವರಿಗೆ ಕೆಂಪು, ಕೇಳುವವರಿಗೆ ನೀಲಿ, ನೆರವಿಗೆ ಬಂದವರಿಗೆ ಬೂದು. ಪಟ್ಟಿಯ ಬಣ್ಣ ನೋಡಿಯೇ ಬಾಗಿಲು ಕಾಯುವವನು ನಗಬೇಕೋ ಗದರಬೇಕೋ ತೀರ್ಮಾನಿಸುತ್ತಿದ್ದ. ಜಾಡಮ್ಮನದು ಬೂದು. ಮೂರು ದಿನದಲ್ಲಿ ಆರು ಸಲ ಗದರಿಸಿಕೊಂಡಿದ್ದಳು.

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಬಂಗಾರ ಇಟ್ಟುಕೊಂಡವಳಿಗೆ ಅಡುಗೆಮನೆ ಹಿಂದೆ ಡ್ರೈವರುಗಳ ಪಕ್ಕದ ಕೋಣೆ. ಬೆಳ್ಳಿ ಇಟ್ಟುಕೊಂಡವಳಿಗೆ ನಾಲ್ಕನೆಯ ಮಹಡಿ, ಸ್ನಾನಕ್ಕೆ ತೊಟ್ಟಿ, ಹಾಸಿಗೆಯ ಮೇಲೆ ಆರು ದಿಂಬು. ದಿಂಬಿನ ಲೆಕ್ಕವನ್ನು ತಂಗಿಯೇ ಹೇಳಿದ್ದಳು. ಹೇಳದೇ ಇರಬಹುದಿತ್ತು.

ಮತ್ತೆ ಆ ಬೆಕ್ಕು. ಎಲ್ಲಿ ನೋಡಿದರೂ ಅದೇ. ಎಲ್ಲರಿಗೂ ಹಂಚಿದ ಬಟ್ಟೆಚೀಲದ ಮೇಲೆ ಬೆಕ್ಕು, ಕಾಫಿ ಲೋಟದ ಮೇಲೆ ಬೆಕ್ಕು, ವೇದಿಕೆಯ ಹಿಂದಿನ ಪರದೆಯ ಮೇಲೆ ಆಳೆತ್ತರದ ಬೆಕ್ಕು. ಮೂವತ್ತು ವರ್ಷದಿಂದ ಯಾರ ಕಣ್ಣಿಗೂ ಬೀಳದೆ, ಸತ್ತುಹೋಯಿತು ಅಂತ ಪುಸ್ತಕದಲ್ಲಿ ಬರೆಸಿಕೊಂಡಿದ್ದ ಕಾಡುಬೆಕ್ಕು. ಒದ್ದೆ ಬಂಡೆಯ ಮೇಲೆ ಒಂದು ಕಾಲೆತ್ತಿ, ತಿರುಗಿ ನೋಡುತ್ತಿತ್ತು. ಆ ಬಂಡೆಯನ್ನು ಹುಡುಕಿದವಳು ಜಾಡಮ್ಮ. ಎದುರಿನ ಮರಕ್ಕೆ ಕ್ಯಾಮೆರಾ ಕಟ್ಟಿದವಳೂ ಅವಳೇ.

ಆ ಕೆಲಸ ಹೇಗಿರುತ್ತದೆ ಅಂತ ಚೀಲ ಹಿಡಿದು ಓಡಾಡುವವರಿಗೆ ಗೊತ್ತಿರಲಿಲ್ಲ. ಪ್ರಾಣಿ ಮುಂದೆ ಹಾದರೆ ತಾನೇ ಫೋಟೋ ತೆಗೆದುಕೊಳ್ಳುವ ಪೆಟ್ಟಿಗೆ ಅದು. ಬೆನ್ನಿಗೆ ಹತ್ತು ಪೆಟ್ಟಿಗೆ ಹೊತ್ತು ಗುಡ್ಡ ಹತ್ತಬೇಕು. ಸರಿಯಾದ ಮರ ಹುಡುಕಿ ಕಟ್ಟಬೇಕು. ಕಟ್ಟಿದ ಮೇಲೆ ಅದು ಕೆಲಸ ಮಾಡುತ್ತದೋ ಇಲ್ಲವೋ ಪರೀಕ್ಷೆ ಮಾಡಬೇಕು. ಪರೀಕ್ಷೆ ಮಾಡಲು ಒಬ್ಬರು ಪ್ರಾಣಿಯಾಗಬೇಕು. ಅಂಬೆಗಾಲಿಟ್ಟು ಅದರ ಮುಂದೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೋಗಬೇಕು. ಜಿಂಕೆಗಾದರೆ ಬಗ್ಗಿ ನಡೆದರೆ ಸಾಕು. ಬೆಕ್ಕಿಗೆ ಸಾಲದು. ಬೆಕ್ಕಿನ ಪೆಟ್ಟಿಗೆ ಮಂಡಿಗಿಂತ ಒಂದು ಗೇಣು ಕೆಳಗೆ ಇರಬೇಕು. ಕಟ್ಟಿದವಳು ಮೊಣಕೈ ಊರಿ, ಹೊಟ್ಟೆ ನೆಲಕ್ಕೆ ತಾಗಿಸಿ ತೆವಳಬೇಕು. ಕಲ್ಲು, ಮುಳ್ಳು, ಜಿಗಣೆ. ನಲವತ್ತು ಪೆಟ್ಟಿಗೆ, ಹತ್ತು ದಿನಕ್ಕೊಮ್ಮೆ. ಹತ್ತೊಂಬತ್ತು ವರ್ಷ.

ಹತ್ತೊಂಬತ್ತು ವರ್ಷವೂ ಹಂಗಾಮಿ ಕೆಲಸ. ಜಾಡು ಹಿಡಿಯುವವಳು ಅಂತ ಜಾಡಮ್ಮ ಎಂದು ಅಡ್ಡಹೆಸರು ಬಿತ್ತು. ಬಿರುದು ಬಂತು, ಹುದ್ದೆ ಬರಲಿಲ್ಲ. ಈಗ ಮಂಡಿಗಳು ಊದಿ ಗಡಿಗೆಯಾಗಿದ್ದವು. ಇನ್ನು ನೆಲಕ್ಕೆ ಮಂಡಿ ಊರಿದರೆ ನಡೆಯುವುದನ್ನೇ ಮರೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ತೆವಳಲು ಆಗದವರಿಗೆ ಮುಂದಿನ ವರ್ಷ ಕೆಲಸವಿಲ್ಲ ಎಂದು ಕಚೇರಿಯವರು ಹೇಳಿದ್ದರು.

ಉಳಿದಿದ್ದು ಒಂದೇ ದಾರಿ. ಪೆಟ್ಟಿಗೆ ಕಟ್ಟಿಸುವ ಆ ಕಚೇರಿಯವರೇ ಒಂದು ಕಾಯಂ ಕೆಲಸ ಹುಟ್ಟಿಸಿದ್ದರು. ಪೆಟ್ಟಿಗೆಗಳಿಂದ ಬಂದ ಸಾವಿರಾರು ಫೋಟೋಗಳನ್ನು ನೋಡಿ, ಇದು ಯಾವ ಪ್ರಾಣಿ, ಹಿಂದೆ ಬಂದದ್ದೇ, ಹೊಸದೇ ಎಂದು ಗುರುತಿಸುವ ಕೆಲಸ. ಮೇಜು, ಕುರ್ಚಿ, ಕಂಪ್ಯೂಟರು. ಜಾಡಮ್ಮ ಭುಜದ ಪಟ್ಟೆ ನೋಡಿಯೇ ಯಾವ ಪ್ರಾಣಿಯೆಂದು ಹೇಳುತ್ತಿದ್ದಳು, ಜನ ಮುಖ ನೋಡಿ ನೆಂಟರನ್ನು ಹೇಳುವ ಹಾಗೆ. ಆ ಕುರ್ಚಿಯ ಮೇಲೆ ಅವಳಿಗೆ ಎಷ್ಟು ಆಸೆಯಿತ್ತೆಂದರೆ, ಕಚೇರಿಗೆ ಹೋದಾಗ ಅದು ತಿರುಗುವ ಗಾಲಿ ಕುರ್ಚಿಯೋ ನಾಲ್ಕು ಕಾಲಿನದೋ ಎಂದು ಬಾಗಿಲ ಸಂದಿಯಲ್ಲಿ ಇಣುಕಿ ನೋಡಿಕೊಂಡು ಬಂದಿದ್ದಳು. ಗಾಲಿ ಕುರ್ಚಿ. ಆ ಕೆಲಸ 'ಬೆಕ್ಕಿನ ಫೋಟೋ ತಂದ ಕಾಡಿನ ಮಗಳಿಗೆ' ಎಂದು ಸಮ್ಮೇಳನದ ಕೊನೆಯ ದಿನ ಘೋಷಿಸುತ್ತಾರೆ ಎಂದಿದ್ದರು.

ಕಾಡಿನ ಮಗಳು ಅಂದರೆ ತಂಗಿ. ಫೋಟೋ ಸುದ್ದಿಯಾದ ದಿನ ಜಾಡಮ್ಮ ಗುಡ್ಡದ ಮೇಲೆ ಬ್ಯಾಟರಿ ಬದಲಿಸುತ್ತಿದ್ದಳು. ಪತ್ರಿಕೆಯವರು ಕಚೇರಿಗೆ ಬಂದರು. ಕಚೇರಿಯಲ್ಲಿ ಫೋನು ಎತ್ತುವ ತಂಗಿ ಇದ್ದಳು. ಕಥೆ ಕೇಳಿದರು, ಹೇಳಿದಳು. ಚೆನ್ನಾಗಿ ಹೇಳಿದಳು. ಮೊದಮೊದಲು ಕಥೆಯಲ್ಲಿ ಅಕ್ಕನೂ ಇದ್ದಳು. ಹೇಳುತ್ತ ಹೇಳುತ್ತ ಕಥೆ ಉದ್ದವಾಯಿತು, ಅಕ್ಕ ಎಲ್ಲೋ ಉದುರಿಹೋದಳು. ಆಮೇಲೆ ಸಿನಿಮಾ ನಿರ್ದೇಶಕರು ಬಂದರು, ಬೆಕ್ಕಿನ ಮೇಲೆ ಸಿನಿಮಾ ಮಾಡತೊಡಗಿದರು. ತಂಗಿ ಬಂಡೆಯ ಮೇಲೆ ಕೂತು ಮಾತಾಡಿದಳು. ಮರೆಯಲ್ಲಿ ಕೊಡೆ ಹಿಡಿದು ನಿಂತವಳು ಜಾಡಮ್ಮ.

ಇವಳು ಅಂಬೆಗಾಲಿಟ್ಟಿದ್ದನ್ನು ನೋಡಿದವಳು ನಾನು, ಇವಳ ಶಾಲೆಗೆಂದು ಕಾಡು ಸೇರಿದವಳು ನಾನು ಎಂದು ಅವಳ ಹೊಟ್ಟೆ ಉರಿಯುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಇಬ್ಬರೂ ಕೈತೊಳೆಯುವ ಕಡೆ ಎದುರುಬದುರಾದರು. ತಂಗಿ ಕನ್ನಡಿ ನೋಡಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

"ಅಕ್ಕಾ, ಮಧ್ಯಾಹ್ನ ನಿನ್ನ ವೇದಿಕೆಗೆ ಕರೀತಾರೆ. ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸ್ಬೇಕು. ನಾನು ಮಾತಾಡ್ತೀನಿ, ನೀನು ಒಂದ್ಸಲ ಅಂಬೆಗಾಲಿಟ್ಟು ಹೋದ್ರೆ ಸಾಕು. ಫೋಟೋ ಅಲ್ಲೇ ದೊಡ್ಡ ಪರದೆ ಮೇಲೆ ಬರುತ್ತೆ."

"ಮಾತು ನಿಂದು, ಮಂಡಿ ನಂದು."

"ಶುರುಮಾಡ್ಬೇಡ. ನಿಂಗೆ ಮಾತಾಡೋಕೆ ಬರಲ್ಲ. ಅವತ್ತು ಪತ್ರಿಕೆಯವರು ಎರಡನೇ ಸಲ ಬಂದಾಗ ಏನ್ ಕೇಳಿದ್ರೂ ನೆಲ ನೋಡ್ಕೊಂಡು ನಿಂತಿದ್ದೆ."

"ನೆಲ ನೋಡೋದೇ ನನ್ ಕೆಲಸ. ನೆಲ ನೋಡಿದ್ದಕ್ಕೇ ಬೆಕ್ಕು ಸಿಕ್ಕಿದ್ದು. ನಿಂಗೆ ಆ ಪೆಟ್ಟಿಗೆ ಕಟ್ಟೋಕೆ ಬರುತ್ತಾ?"

"ಕಟ್ಟೋದೇನ್ ಬ್ರಹ್ಮವಿದ್ಯೆನಾ? ಬೆಳಿಗ್ಗೆ ನಾನೇ ಕಟ್ಟಿ ಬಂದೆ."

ಜಾಡಮ್ಮ ಕೈಯ ನೀರು ಕೊಡವಿದಳು. "ಆ ಕುರ್ಚಿ ನಂಗೆ ಬೇಕು ಕಣೇ. ನಿಂಗೊಂದು ಕುರ್ಚಿ ಆಗ್ಲೇ ಇದೆ."

ತಂಗಿ ಕನ್ನಡಿಯಲ್ಲೇ ಅವಳನ್ನು ನೋಡಿದಳು. "ನಂದೂ ಹಂಗಾಮಿನೇ, ಗೊತ್ತಾ? ಫೋನ್ ಎತ್ತೋದು ಯಾರ್ ಬೇಕಾದ್ರೂ ಎತ್ತಬಹುದು." ಕೂದಲಿಗೆ ಪಿನ್ನು ಸಿಕ್ಕಿಸುತ್ತ ಅಂದಳು: "ಅಪ್ಪ ನಿನ್ನ ಕಾಡಿಗೆ ಕರ್ಕೊಂಡು ಹೋಗ್ತಿದ್ದ. ನನ್ನ ಒಂದು ದಿನನೂ ಕರೀಲಿಲ್ಲ. ಅಪ್ಪ ಪೂರ್ತಿ ನಿಂಗೇ ಸಿಕ್ಕಿದ. ನಾನು ಯಾವತ್ತಾದ್ರೂ ಕೇಳಿದ್ನಾ?"

ಜಾಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಟಳು. ಇನ್ನಷ್ಟು ಉರಿಯಿತು. ಇವಳಿಗೆ ದುಃಖ ಹೇಳಿಕೊಳ್ಳುವುದಕ್ಕೂ ಸರಿಯಾದ ಮಾತು ಸಿಗುತ್ತದಲ್ಲ ಅಂತ.

ಮಧ್ಯಾಹ್ನ ಅವಳು ಹಿಂಬದಿಯ ಗೋಡೆಗೆ ಒರಗಿ ನಿಂತಳು. ಅಲ್ಲಿ ಬೂದು ಪಟ್ಟಿಯವರೆಲ್ಲ ಇದ್ದರು. ಮೂರು ದಿನದಲ್ಲಿ ಅವಳಿಗೆ ಒಬ್ಬಳೇ ಸ್ನೇಹಿತೆ, ಲೋಟ ಎತ್ತುವ ಹೆಂಗಸು. ಖಾಲಿ ಲೋಟದ ತಟ್ಟೆ ಸೊಂಟಕ್ಕಿಟ್ಟುಕೊಂಡು ಅವಳೂ ಪಕ್ಕದಲ್ಲಿ ನಿಂತಿದ್ದಳು.

"ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತಾರೆ. ನೀನು ಕ್ಯಾಮೆರಾನೇ ಕಟ್ಟಿದೀಯ, ಮುಂದೆ ಹೋಗಿ ಕೂತ್ಕೊ" ಅಂದಳು ಲೋಟದವಳು.

"ಮುಂದೆ ನಮ್ಮ ತಂಗಿ ಕೂತಿದಾಳೆ. ಮನೆಗೊಂದೇ ಕುರ್ಚಿಯಂತೆ."

ನಿರ್ದೇಶಕರು ವೇದಿಕೆ ಹತ್ತಿದರು. ಸಜ್ಜನರೇ. ಯಾರಿಗೂ ಗದರುವವರಲ್ಲ. ಮೊದಲು ಸ್ವಲ್ಪ ನಗೋಣ ಎಂದು ದೀಪ ಆರಿಸಿದರು. ಪೆಟ್ಟಿಗೆಗಳಲ್ಲಿ ವರ್ಷಗಳಿಂದ ಬಿದ್ದಿದ್ದ ಬೇಡದ ಫೋಟೋಗಳನ್ನೆಲ್ಲ ಪೋಣಿಸಿ ತಮಾಷೆಯ ವಿಡಿಯೋ ಮಾಡಿದ್ದರು. ಕೋತಿ ಹಲ್ಲು ಕಿರಿಯಿತು. ಕರಡಿ ಬೆನ್ನು ಉಜ್ಜಿತು. ಸಭೆ ನಕ್ಕಿತು. ಆಮೇಲೆ ಮನುಷ್ಯರು ಬಂದರು. ಅಂಬೆಗಾಲಿಟ್ಟ ಮನುಷ್ಯರು, ಒಬ್ಬರ ಹಿಂದೆ ಒಬ್ಬರು. ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: 'ಇದು ಯಾವ ಪ್ರಾಣಿ?'

ಜಾಡಮ್ಮ ಬಂದಳು. ಹಿಂಭಾಗ ಮೇಲೆ, ಮುಖ ನೆಲಕ್ಕೆ, ಕೆಸರು ಮೆತ್ತಿದ ಸೀರೆ ಎತ್ತಿ ಕಟ್ಟಿ. ನಗೆ ಜೋರಾಯಿತು. ನಗಲಿ ಬಿಡು ಎಂದುಕೊಂಡಳು. ಆಮೇಲೆ ಅಪ್ಪ ಬಂದ.

ಅವಳಿಗಿಂತ ಮೊದಲು ಆ ಗುಡ್ಡದಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದವನು ಅವನೇ. ಹಳೆಯ ಫೋಟೋ, ಕಪ್ಪುಬಿಳುಪು. ಅಪ್ಪ ಮೊಣಕೈ ಊರಿದ್ದ. ಬೆನ್ನಿನ ಎಲುಬುಗಳನ್ನು ಎಣಿಸಬಹುದಿತ್ತು. ಪೆಟ್ಟಿಗೆಯ ಬೆಳಕಿಗೆ ಕಣ್ಣು ಕಿರಿದಾಗಿ, ಬಾಯಿ ಸೊಟ್ಟಗಾಗಿ, ಹಲ್ಲು ಕಾಣುತ್ತಿತ್ತು. ಆ ವರ್ಷವೇ ಮಂಡಿಗೆ ಮುಳ್ಳು ಮುರಿದು, ಕೀವು ತುಂಬಿ, ಜ್ವರ ಏರಿ ಅವನು ಸತ್ತದ್ದು. ಸಾಯುವಾಗಲೂ ಮಂಡಿ ಮಡಚಿಯೇ ಇತ್ತು, ಬಿಡಿಸಲು ಆಗಿರಲಿಲ್ಲ. ನಾನೂರು ಜನ ಹೊಟ್ಟೆ ಹಿಡಿದು ನಕ್ಕರು. ಮುಂದಿನ ಸಾಲಿನ ಒಬ್ಬರು ಕಣ್ಣೀರು ಒರೆಸಿಕೊಂಡರು.

ಜಾಡಮ್ಮ ತಂಗಿಯ ಕಡೆ ನೋಡಿದಳು. ತಂಗಿ ಮೈಕು ಹಿಡಿದು ವೇದಿಕೆಯ ಅಂಚಿನಲ್ಲಿ ನಿಂತಿದ್ದಳು. ಎಲ್ಲರೂ ನಗುವಾಗ ತಾನೂ ನಗುವ ಅಭ್ಯಾಸದವಳು. ತುಟಿ ನಗುತ್ತಲೇ ಇತ್ತು, ಮುಖ ಹೆಣದ ಹಾಗೆ ಬಿಳಿಚಿತ್ತು. ಅಪ್ಪ ಈ ವಿಡಿಯೋದಲ್ಲಿ ಬರುತ್ತಾನೆಂದು ಅವಳಿಗೂ ಗೊತ್ತಿರಲಿಲ್ಲ.

"ನಿಮ್ಮೋರಾ?" ಎಂದು ಕೇಳಿದಳು ಲೋಟದವಳು.

"ನಮ್ಮಪ್ಪ."

ಲೋಟದವಳು ತಟ್ಟೆಯನ್ನು ಕೆಳಗಿಟ್ಟಳು.

ದೀಪ ಹತ್ತಿತು. "ಈಗ ಇದನ್ನೇ ಕಣ್ಣೆದುರು ನೋಡೋಣ. ನಮ್ಮ ಜಾಡಮ್ಮ ಬನ್ನಿ" ಎಂದು ನಿರ್ದೇಶಕರು ಕೈಬೀಸಿದರು. ಚಪ್ಪಾಳೆ ಬಿತ್ತು. ಜಾಡಮ್ಮ ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದಳು. ಮಂಡಿ ಕಟಕಟ ಎನ್ನುತ್ತಿತ್ತು. ಆರು ಮೆಟ್ಟಿಲು ಹತ್ತಿದಳು.

ವೇದಿಕೆಯ ನಡುವೆ ಒಂದು ಕಂಬ. ಕಂಬಕ್ಕೆ ಪೆಟ್ಟಿಗೆ ಕಟ್ಟಿತ್ತು. ಜಾಡಮ್ಮ ಒಂದೇ ನೋಟಕ್ಕೆ ಕಂಡುಕೊಂಡಳು. ಎದೆಯೆತ್ತರಕ್ಕೆ ಕಟ್ಟಿತ್ತು. ನಿಂತು ಕಟ್ಟಿದವರ ಕೆಲಸ. ಬಗ್ಗದವರು ಮಾತ್ರ ಮಾಡುವ ತಪ್ಪು. ಇದರ ಮುಂದೆ ಬೆಕ್ಕಿನ ಹಾಗೆ ತೆವಳಿದರೆ ಪೆಟ್ಟಿಗೆಗೆ ಗಾಳಿಯೂ ತಾಗುವುದಿಲ್ಲ. ಫೋಟೋ ಬೀಳುವುದಿಲ್ಲ. ಕಾಡಿನ ಮಗಳಿಗೆ ಪೆಟ್ಟಿಗೆ ಕಟ್ಟಲು ಬರುವುದಿಲ್ಲವೆಂದು ನಾನೂರು ಜನರ ಮುಂದೆ ಬಯಲಾಗುತ್ತದೆ.

ಅವಳ ಎದೆ ಕುಣಿಯಿತು. ಸುಳ್ಳು ಹೇಳುವುದೇಕೆ, ಕುಣಿಯಿತು. ಬಾಯಿ ಬಿಡುವುದೂ ಬೇಡ. ಹೇಳಿದ ಹಾಗೆ ಕೇಳಿದರೆ ಸಾಕು, ತಂಗಿ ಮುಗಿದಳು, ಕುರ್ಚಿ ತನ್ನದು. ಕೈಗೆ ಬಂದ ತುತ್ತು.

ಬಲಗೈಯನ್ನು ಕಂಬಕ್ಕೆ ಆನಿಸಿ ಅರ್ಧ ಬಗ್ಗಿದಳು. ಸಭೆ ಆಗಲೇ ನಗಲು ಶುರುಮಾಡಿತ್ತು. ಮೊಬೈಲುಗಳು ಮೇಲೆದ್ದವು. ಅದೇ ನಗೆ. ಅಪ್ಪನಿಗೆ ನಕ್ಕಿದ್ದ ನಗೆ, ಇನ್ನೂ ಪೂರ್ತಿ ಆರಿರಲಿಲ್ಲ.

ಅವಳು ನೆಟ್ಟಗಾದಳು. "ಆಗಲ್ಲ" ಅಂದಳು.

"ಯಾಕಮ್ಮಾ? ಮಂಡಿ ನೋವಾ?" ನಿರ್ದೇಶಕರ ದನಿಯಲ್ಲಿ ಕನಿಕರವಿತ್ತು.

"ಮಂಡಿ ನೋವಿದೆ. ಅದಕ್ಕಲ್ಲ."

"ಮತ್ತೆ?"

"ಅಲ್ಲಿ ಬೆಕ್ಕಿಗೋಸ್ಕರ ತೆವಳ್ತೀನಿ. ಇಲ್ಲಿ ಯಾರಿಗೋಸ್ಕರ?"

ಸಭೆಗೆ ಅದೂ ತಮಾಷೆಯೆನಿಸಿತು. ಕೆಲವರು ಚಪ್ಪಾಳೆ ತಟ್ಟಿದರು.

"ನೀವೇ ತೆವಳಿ ಸಾರ್. ನಿಮ್ಮ ಮಂಡಿ ಹೊಸದಾಗಿಯೇ ಇದೆ."

ಸಭೆ ಹೋ ಎಂದಿತು. ನಿರ್ದೇಶಕರು ನಗುತ್ತಾ ಕೋಟು ಬಿಚ್ಚಿದರು. ತಾವೇ ನಗೆಪಾಟಲಾಗುವುದಕ್ಕೂ ಹಿಂಜರಿಯುವವರಲ್ಲ. ಜಮಖಾನದ ಮೇಲೆ ಅಂಬೆಗಾಲಿಟ್ಟು ಕಂಬದ ಮುಂದೆ ಹೋದರು. ಏನೂ ಆಗಲಿಲ್ಲ. ತಿರುಗಿ ಬಂದರು. ಬೆಳಕು ಮಿಂಚಲಿಲ್ಲ, ಪರದೆಯ ಮೇಲೆ ಆ ಪ್ರಶ್ನೆ ಬಿಟ್ಟು ಬೇರೇನೂ ಇಲ್ಲ. ಮೂರನೆಯ ಸಲ ಹೋದಾಗ ಯಾರೂ ನಗಲಿಲ್ಲ.

"ಇದನ್ನು ಕಟ್ಟಿದ್ದು ಯಾರು?" ಎಂದು ಅವರು ಎದ್ದು ಮಂಡಿ ಕೊಡವಿಕೊಂಡರು.

ಜಾಡಮ್ಮ ತಂಗಿಯನ್ನೇ ನೋಡುತ್ತಾ ನಿಂತಳು. ಈಗ ಹೇಳು. ಮಾತು ಬಲ್ಲವಳಲ್ಲವೇ, ಹೇಳು.

ತಂಗಿ ಮೈಕು ಎತ್ತಿದಳು.

"ನಾನು ಕಟ್ಟಿದ್ದು. ನಂಗೆ ಕಟ್ಟೋಕೆ ಬರಲ್ಲ. ನಾನು ಆ ಗುಡ್ಡ ಹತ್ತಿದ್ದು ಒಂದೇ ಸಲ, ನಿಮ್ಮ ಸಿನಿಮಾದವರ ಜೊತೆ. ಬೆಕ್ಕಿನ ಜಾಗ ಹುಡುಕಿದ್ದು, ಕ್ಯಾಮೆರಾ ಕಟ್ಟಿದ್ದು ಎಲ್ಲಾ ನಮ್ಮಕ್ಕ. ಈಗ ನೀವು ನಕ್ಕಿದ್ದು ನಮ್ಮಪ್ಪನಿಗೆ."

ಮೊದಲು ಯಾರೋ ಒಬ್ಬರು ಎದ್ದು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಎದ್ದರು. ಸಾಲಿಗೆ ಸಾಲೇ ಎದ್ದಿತು. ಎಂಥಾ ಧೈರ್ಯ, ಎಂಥಾ ಪ್ರಾಮಾಣಿಕತೆ ಎಂದು ಮುಂದಿನ ಸಾಲಿನವರು ಕಣ್ಣು ಒರೆಸಿಕೊಂಡರು. ಆಗ ನಕ್ಕು ಒರೆಸಿಕೊಂಡ ಕಣ್ಣುಗಳೇ. ನಿರ್ದೇಶಕರು ತಂಗಿಯ ಭುಜ ಹಿಡಿದು ನಿಂತರು.

ಜಾಡಮ್ಮ ಕಂಬದ ಪಕ್ಕ ನಿಂತೇ ಇದ್ದಳು. ಅವಳ ಕಡೆ ಯಾರೂ ನೋಡಲಿಲ್ಲ. ಸುಳ್ಳು ಹೇಳಿದಾಗಲೂ ಇವಳಿಗೇ ಚಪ್ಪಾಳೆ, ನಿಜ ಹೇಳಿದಾಗಲೂ ಇವಳಿಗೇ ಚಪ್ಪಾಳೆ. ಅಕ್ಕ ಸತ್ತರೆ ಅಮಾವಾಸ್ಯೆ ನಿಲ್ಲುವುದಿಲ್ಲ, ಸರಿ. ಅಕ್ಕ ಬದುಕಿದ್ದೂ ಏನೂ ನಿಲ್ಲಲಿಲ್ಲವಲ್ಲ.

"ಇದು ನಮ್ಮ ಸಿನಿಮಾದ ಕೊನೆಯ ದೃಶ್ಯ" ಎಂದು ನಿರ್ದೇಶಕರು ಮೈಕಿನಲ್ಲಿ ಹೇಳಿದರು. ಅವರ ದನಿ ನಿಜವಾಗಿಯೂ ನಡುಗುತ್ತಿತ್ತು. "ಅಕ್ಕ ತಂಗಿ ಇಬ್ಬರೂ, ಜೊತೆಯಾಗಿ, ತಂದೆಯ ನೆನಪಿಗೆ ಒಂದೇ ಒಂದು ಸಲ ಅಂಬೆಗಾಲಿಡಿ. ಯಾರೂ ನಗಲ್ಲ. ಎಲ್ಲರೂ ಎದ್ದು ನಿಂತು ಗೌರವ ಕೊಡ್ತೀವಿ."

ತಂಗಿ ಅಕ್ಕನನ್ನು ನೋಡಿದಳು. ಮೈಕು ಕೆಳಗಿಟ್ಟಳು. ಕೆಂಪು ಪಟ್ಟಿಯನ್ನು ಬೆನ್ನಿಗೆ ಸರಿಸಿದಳು. ಮಂಡಿ ಮಡಚಿ ನೆಲಕ್ಕೆ ಊರಿದಳು.

ಮೂರು ದಿನದಿಂದ ಜಾಡಮ್ಮ ಬಯಸಿದ್ದು ಅದನ್ನೇ. ತಂಗಿಯನ್ನು ಮಂಡಿಯ ಮೇಲೆ ನೋಡಬೇಕು. ನೋಡಿದಳು. ಒಂದು ಕೈ ಮುಂದಿಟ್ಟು, ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿದ್ದಳು ತಂಗಿ. ಥೇಟ್ ಅಪ್ಪ. ಯಾರೂ ಕಲಿಸಿರಲಿಲ್ಲ. ಹತ್ತೊಂಬತ್ತು ವರ್ಷ ತೆವಳಿದರೂ ಜಾಡಮ್ಮನಿಗೆ ಬಾರದ ವಾಲು ಅದು. ಅದಕ್ಕೂ ಅವಳಿಗೆ ಹೊಟ್ಟೆಕಿಚ್ಚಾಯಿತು.

ಬಗ್ಗಿ ತಂಗಿಯ ರೆಟ್ಟೆ ಹಿಡಿದಳು.

"ಏಳೇ ಮೇಲೆ."

"ಅಕ್ಕಾ, ಕೆಲಸ..."

"ಏಳು ಅಂದೆ. ನಮ್ಮನೆಯವರು ತೆವಳಿದ್ದು ಸಾಕು."

ತಂಗಿಯನ್ನು ಎಳೆದು ನಿಲ್ಲಿಸಿದಳು. ಕಂಬದಿಂದ ಪೆಟ್ಟಿಗೆ ಬಿಚ್ಚಿದಳು. ಅದರ ಪಟ್ಟಿಯನ್ನು ಕೆಳಗಿಳಿಸಿ, ಮಂಡಿಗಿಂತ ಒಂದು ಗೇಣು ಕೆಳಗೆ ಬಿಗಿದಳು. ಕಂಬವನ್ನು ವೇದಿಕೆಯ ಅಂಚಿನವರೆಗೆ ಎಳೆದುಕೊಂಡು ಹೋದಳು. ಪೆಟ್ಟಿಗೆಯ ಕಣ್ಣನ್ನು ಮುಂದಿನ ಸಾಲಿನ ಕಡೆಗೆ ತಿರುಗಿಸಿದಳು. ಕೆಂಪು ದೀಪ ಮಿಣುಕಿತು. ಆಮೇಲೆ ನಿರ್ದೇಶಕರಿಗೆಂದು ಹಾಕಿದ್ದ ಕುರ್ಚಿಯನ್ನು ಎಳೆದುಕೊಂಡು ಕೂತಳು. ಎರಡೂ ಕಾಲು ಮುಂದಕ್ಕೆ ಚಾಚಿದಳು.

"ಈಗ ಸರಿಯಾಗಿದೆ" ಅಂದಳು. ಮೈಕು ಇರಲಿಲ್ಲ, ಬೇಕಾಗಲೂ ಇಲ್ಲ. ಗುಡ್ಡದಿಂದ ಗುಡ್ಡಕ್ಕೆ ಕೂಗಿ ಬೆಳೆದ ಗಂಟಲು. "ನಮ್ಮಪ್ಪನಿಗೆ ನಕ್ಕವರು ಒಬ್ಬೊಬ್ಬರೇ ಬನ್ನಿ. ತೆವಳಿ. ಯಾವ ಪ್ರಾಣಿ ಅಂತ ನಾನು ಹೇಳ್ತೀನಿ. ಗುರುತಿಸೋ ಕೆಲಸಕ್ಕೆ ಜನ ಬೇಕು ಅಂದಿದ್ರಲ್ಲ?"

ಎದ್ದು ನಿಂತಿದ್ದವರು ಮೆಲ್ಲನೆ ಕೂತರು. ಕೂತದ್ದಕ್ಕೇ ಬೆಳಕು ಮಿಂಚಿತು. ಹಿಂದಿನ ದೊಡ್ಡ ಪರದೆಯ ಮೇಲೆ, ಬೆಕ್ಕು ಇದ್ದ ಜಾಗದಲ್ಲಿ, ಮುಂದಿನ ಸಾಲು ಬಂತು. ಅರ್ಧ ಬಗ್ಗಿದ ಮೈಗಳು, ಹಿಂಭಾಗ ಮೇಲೆ, ಬಾಯಿ ಸೊಟ್ಟ, ಕಣ್ಣು ಕಿರಿದು. ಕೆಳಗೆ ಇನ್ನೂ ಅಳಿಸದೇ ಉಳಿದಿತ್ತು: 'ಇದು ಯಾವ ಪ್ರಾಣಿ?'

ಆಮೇಲೆ ಯಾರೂ ಅಲುಗಾಡಲಿಲ್ಲ. ಅಲುಗಾಡಿದರೆ ಫೋಟೋ. ಕೆಮ್ಮು ಬಂದವರು ಕೆಮ್ಮು ನುಂಗಿಕೊಂಡರು. ಮುಂದಿನ ಸಾಲಿನಲ್ಲಿ ಕಾಯಂ ಕೆಲಸದ ಘೋಷಣೆಯ ಕಾಗದ ಹಿಡಿದು ಕೂತಿದ್ದ ಕಚೇರಿಯವರು ಅದನ್ನು ಮೆಲ್ಲನೆ ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸಿದ್ದನ್ನು ಜಾಡಮ್ಮ ಕುರ್ಚಿಯಿಂದಲೇ ಕಂಡಳು. ಆಗಲೂ ಬೆಳಕು ಮಿಂಚಿತು. ಆ ಫೋಟೋವೂ ಬಂತು.

ತಂಗಿ ಕಂಬದ ಪಕ್ಕ ನಿಂತಿದ್ದಳು. ಕಣ್ಣು ಕೆಂಪಾಗಿತ್ತು, ಕೂದಲು ಕೆದರಿತ್ತು. ಆದರೂ ಚೆಂದ ಕಾಣುತ್ತಿದ್ದಳು, ಹಾಳಾದವಳು. ಕಿಚ್ಚು ಹೋಗಿರಲಿಲ್ಲ. ಅದು ಮನೆಗೆ ಹೋಗಿ ಇಬ್ಬರೇ ಜಗಳವಾಡಬೇಕಾದ ಕಿಚ್ಚು. ಅದಕ್ಕೆ ಇವರಿಗೆಲ್ಲ ಟಿಕೆಟ್ ಕೊಡಬೇಕಾಗಿರಲಿಲ್ಲ.

ಹಿಂದಿನ ಗೋಡೆಯ ಕಡೆಯಿಂದ ಒಂದು ನಗು ಕೇಳಿಸಿತು. ಲೋಟ ಎತ್ತುವವಳದು. ಆಮೇಲೆ ಡ್ರೈವರುಗಳದು. ಆಮೇಲೆ ಬಾಗಿಲು ಕಾಯುವವನದು. ಗಾಲಿ ಕುರ್ಚಿ ಹೋಯಿತು ಎಂದು ಜಾಡಮ್ಮನಿಗೆ ಗೊತ್ತಿತ್ತು. ಹೋಗುವುದಾದರೆ ಹೋಗಲಿ ಎಂದು ಈ ಕುರ್ಚಿಯಲ್ಲೇ ಬೆನ್ನು ಪೂರ್ತಿ ಆನಿಸಿ ಕೂತಳು.

"ಯಾಕೆ, ಯಾರೂ ಬರಲ್ವಾ?" ಎಂದು ಕೇಳಿದಳು. "ನಂಗೇನೂ ಅವಸರ ಇಲ್ಲ. ಬೆಕ್ಕಿಗೆ ನಲವತ್ತೊಂದು ದಿನ ಕಾದಿದ್ದೆ."